ಭರಮಪ್ಪ ಕಾಕಾನ ಮಿಲಿಟರಿ ಇಂಜಿನ್

ಗೆಳೆಯರೇ, ಇವತ್ತು ಕುಲಗೋಡದಲ್ಲಿ ನಮ್ಮ ಭರಮಪ್ಪ ಕಾಕಾ ತಮ್ಮ ಹಳೆಯ ಲಾರಿಯನ್ನು ಮಾರಬೇಕಿತ್ತು. ಅದರ ಮೂಲ ಇಂಜಿನ್ ಎಂದೋ ಕೆಟ್ಟಿತ್ತು. ಈಗಿರುವುದು ಮಿಲಿಟರಿ ಟ್ರಕ್ಕಿನದು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಹುಕ್ಕೇರಿಯಿಂದ ಬಂದ ಗಿರಾಕಿ, "ಗುರುತು ತೋರಸ್ರಿ, ಆಮ್ಯಾಲ ಮಾತು" ಎಂದರು. ಪ್ರತಿ ಖಂಡೇನವಮಿಯ ಆಯುಧಪೂಜೆಗೂ ಕಾಕಾ ಇಂಜಿನ್ನಿಗೆ ಬಳಿದಿದ್ದ ಬಣ್ಣವನ್ನು ರಿಪೇರಿ ಮಿಸ್ತ್ರಿ ಕೆರೆದಾಗ, ಅಡಿಯಲ್ಲಿ ಬಸ್ ಡಿಪೋದ ಮುದ್ರೆ ಕಾಣಿಸಿತು.

ಕಾಕಾನ ಹೆಂಡತಿ, ನಮ್ಮ ಕಾಕು, ನಕ್ಕರು. "ಅದಕ್ಕ ನೋಡ್ರಿ, ಊರ ಬಂದಲ್ಲೆಲ್ಲಾ ತಾನ ನಿಂದರತಿತ್ತು!"

ಗಿರಾಕಿಗೂ ಖುಷಿಯಾಯಿತು. "ಬಸ್ಸಿಂದಾದ್ರ ಭಾಳ ಚಲೋ ಆತ್ರಿ. ಸಾಮಾನೆಲ್ಲಾ ಗೋಕಾಕದಾಗ ಸಿಗತಾವು. ಕೊಡ್ರಿ ಲಾರಿ."

ಕಾಕಾ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. "ಮಿಲಿಟರಿದು ಅಂತ ಒಪ್ಪಿದ್ರಷ್ಟ ಕೊಡಾಂವ."

ಸುಳ್ಳು ಹೊರಬಿದ್ದು ವ್ಯಾಪಾರ ಮುರಿಯುವುದನ್ನು ಕಂಡಿದ್ದೆ. ಗಿರಾಕಿ ಸತ್ಯವನ್ನೇ ಮೆಚ್ಚಿದ್ದಕ್ಕೆ ಮುರಿದದ್ದನ್ನು ಇವತ್ತೇ ಕಂಡೆ.