ದರ್ಜಿಯ ಕಥೆಯನ್ನು ಹೊನ್ನಮ್ಮನಿಗೆ ಓದಿ ಹೇಳಿದ್ದು

ಮೊದಲ ದಿನ ಬೆಳಿಗ್ಗೆ ಕಿಟಕಿ ತೆರೆದರೆ, ಆಕಾಶ ಇರಬೇಕಾದ ಕಡೆ ಬಂಡೆ ಇತ್ತು. ಒಂದೇ ಬಂಡೆ, ಬೆಟ್ಟದಷ್ಟು. ನಮ್ಮ ಔರಾದಿನಲ್ಲಿ ಕಣ್ಣು ಹಾಯುವಷ್ಟು ದೂರ ಬಯಲು. ಸೂರ್ಯ ನೆಲದಿಂದಲೇ ಏಳುತ್ತಾನೆ. ರಾಮನಗರದಲ್ಲಿ ಅವನು ಕಲ್ಲು ಹತ್ತಿ ಬರಬೇಕು. ಎಂಟು ಗಂಟೆಯಾದರೂ ನನ್ನ ಕೋಣೆಗೆ ಬಿಸಿಲಿರಲಿಲ್ಲ.

ಡಿಪ್ಲೊಮಾ ಮುಗಿಸಿ ಬಂದವಳಿಗೆ, ಹೆದ್ದಾರಿಯ ಪಕ್ಕ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಕೋಣೆ ಬಾಡಿಗೆಗೆ ಕೊಟ್ಟವರು ರೇಷ್ಮೆ ಹುಳ ಸಾಕುವ ಹೊನ್ನಮ್ಮ. ಭಾಷೆ ಕನ್ನಡವೇ, ಆದರೂ ಎಡವುತ್ತಿದ್ದೆ. "ಹುಳ ಜ್ವರಕ್ಕೆ ಕೂತವೆ, ಸದ್ದು ಮಾಡ್ಬ್ಯಾಡ ಕಣವ್ವ" ಎಂದು ಅವರು ಹೇಳಿದಾಗ, ಔಷಧಿ ಕೊಟ್ಟಿರಾ ಎಂದು ಕೇಳಿ ನಗೆಪಾಟಲಾದೆ. ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾನು ಮುದ್ದೆಯನ್ನು ರೊಟ್ಟಿಯಂತೆ ಅಗಿದು ತಿಂದದ್ದಕ್ಕೂ ನಕ್ಕರು. ಅವರ ನಗುವಿನಲ್ಲಿ ಕೆಡುಕಿರಲಿಲ್ಲ. ನಾನು ಮಾತ್ರ ಎರಡು ತಿಂಗಳು ನಗಲಿಲ್ಲ. ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ.

ಅದೇ ವಾರ ಕಾರ್ಖಾನೆಯ ಬಸ್ಸಿನಲ್ಲಿ, ಸೋಲೂರಿನ ಲೋಕೇಶ ಎಂಬ ಸಹೋದ್ಯೋಗಿ ಒಂದು ಇಂಗ್ಲಿಷ್ ಕಾದಂಬರಿ ಕೈಗಿಟ್ಟ. ರಟ್ಟು ಕಿತ್ತುಹೋಗಿತ್ತು, ಬೆನ್ನಿಗೆ ಕಪ್ಪು ಟೇಪು ಸುತ್ತಿದ್ದರು. ಬಸ್ಸಿನ ಏಳೆಂಟು ಜನ ಅದನ್ನು ಓದಿ, ಅದರ ಮಾತುಗಳನ್ನೇ ಆಡಿಕೊಂಡು ನಗುತ್ತಿದ್ದರು. "ಅರ್ಥ ಆಗ್ದಿದ್ರೆ ಬುಟ್ಬುಡಿ ಮೇಡಂ. ಆದ್ರೆ ಮೂರ್ನೇ ಅಧ್ಯಾಯದ ಗಂಟ ಓದಿ" ಎಂದ.

ಅಂಥ ಪುಸ್ತಕವನ್ನು ನಾನು ಕಂಡೇ ಇರಲಿಲ್ಲ. ಒಬ್ಬ ದರ್ಜಿ, ಬೇರೆ ಗ್ರಹದ ಆರು ಕೈಗಳ ಗಿರಾಕಿಗೆ ಐದು ತೋಳಿನ ಕೋಟು ಹೊಲಿದುಬಿಡುತ್ತಾನೆ. ತಪ್ಪು ತಿದ್ದಲು ಸೂಜಿ ದಾರ ಹಿಡಿದು ನಕ್ಷತ್ರಗಳಾಚೆ ಹೊರಡುತ್ತಾನೆ. ಸೂಜಿ ಕಂಡ ಆಕಾಶಹಡಗಿನವರೆಲ್ಲ ಅವನನ್ನು ಡಾಕ್ಟರೆಂದು ತಿಳಿದು ಅಂಗಿಯ ತೋಳು ಮಡಿಚಿ ಸಾಲಾಗಿ ನಿಲ್ಲುತ್ತಾರೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದವಳು ಅಲ್ಲಿ ಜೋರಾಗಿ ನಕ್ಕುಬಿಟ್ಟೆ.

ಹೊನ್ನಮ್ಮ ಬಾಗಿಲಿಗೆ ಬಂದರು. "ಯಾಕವ್ವ, ಒಬ್ಳೇ ನಗ್ತಾ ಇದ್ದೀಯ? ನಂಗೂ ಒಸಿ ಹೇಳು."

ಅಂದಿನಿಂದ ದಿನಾ ಸಂಜೆ ಅವರು ಹುಳುವಿಗೆ ಸೊಪ್ಪು ಕತ್ತರಿಸುವಾಗ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನನಗೆ ತಮಾಷೆಯಾದದ್ದು ಅವರಿಗೆ ತಮಾಷೆಯಲ್ಲ. "ಆರ್ನೇ ಕೈ ಚಳೀಲಿ ಇರ್ತದಲ್ಲ, ಪಾಪ" ಎಂದು ಮರುಗಿದರು. ದರ್ಜಿ ಗಾಜಿನ ಪೆಟ್ಟಿಗೆಯೊಳಗೆ ನೂರು ವರ್ಷ ಅಲ್ಲಾಡದೆ ಮಲಗಿ ಪ್ರಯಾಣ ಮಾಡುತ್ತಾನೆ ಎಂದಾಗ ಅವರ ಕತ್ತಿ ನಿಂತಿತು.

"ಜ್ವರಕ್ಕೆ ಕೂತವ್ನೆ ಅನ್ನು. ಎದ್ದಾಗ ಬ್ಯಾರೆ ಮನ್ಸನೇ ಆಗಿರ್ತಾನೆ ನೋಡು."

ಪುಟ ತಿರುಗಿಸಿದೆ. ದರ್ಜಿ ಎದ್ದು ಕನ್ನಡಿ ನೋಡಿ, ಎದುರಿಗಿದ್ದವನಿಗೆ ನಮಸ್ಕಾರ ಮಾಡುತ್ತಾನೆ. ಹೊರಗೆ ಎರಡು ಸೂರ್ಯ. ಕಾದಂಬರಿಕಾರ ಅಷ್ಟು ಪುಟ ಬಳಸಿ ದಾಟಿದ ಕತ್ತಲನ್ನು ಈ ಹೆಂಗಸು ಕೂತಲ್ಲಿಂದಲೇ ದಾಟಿದ್ದರು. ಒಳಗೆ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು, ಮಳೆ ಹಿಡಿದಂತೆ. ಇಷ್ಟು ದಿನ ನಾನು ಅದನ್ನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ.

ಆ ವಾರ ಪತ್ರ ಕೊಡಲಿಲ್ಲ. ಆಮೇಲೆ ಅದನ್ನು ಹರಿದು ಹಾಕಿದೆ.

ಪುಸ್ತಕದ ಕೊನೆಯ ಹಾಳೆಯಲ್ಲಿ ಓದಿದವರೆಲ್ಲ ಹೆಸರು, ಊರು ಬರೆದಿದ್ದರು. ಸೋಲೂರು, ಸಾತನೂರು, ಕಬ್ಬಾಳು. ನಾನು ಪೆನ್ನು ತೆಗೆದಾಗ ಹೊನ್ನಮ್ಮ, "ನಂದೂ ಬರಿ. ಕೇಳುದ್ರೂ ಓದ್ದಂಗೇ ಅಲ್ವಾ?" ಎಂದರು. ಅವರದ್ದೇ ಮೊದಲು ಬರೆದೆ: ಹೊನ್ನಮ್ಮ, ರಾಮನಗರ. ಕೆಳಗೆ ನನ್ನ ಹೆಸರು ಬರೆದು, ಯೋಚಿಸದೆ ಅದೇ ಊರನ್ನು ಬರೆದುಬಿಟ್ಟೆ. ತಿದ್ದಲು ಜಾಗವಿತ್ತು. ತಿದ್ದಲಿಲ್ಲ.

ಭಾನುವಾರ ಫೋನಿನಲ್ಲಿ ಅವ್ವ, "ಊರಿಗಿ ಯಾವಾಗ ಬರ್ತಿ?" ಎಂದು ಕೇಳಿದಳು. ದೀಪಾವಳಿಗೆ ಬರುತ್ತೇನೆ ಎಂದೆ. ಆ ಹಾಳೆಯ ಮಾತು ಮಾತ್ರ ಅವಳಿಗೆ ಹೇಳಲಾಗಲಿಲ್ಲ.