ಉಡಿಯ ಖಣದ ಚೀಲ

ಲಲಿತಾ ದೊಡ್ಡವಳಾದ ಸುದ್ದಿ ಗಂಗಾವತಿಗೆ ಬಂದಾಗ ಫಕೀರಮ್ಮ ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಫೋನು ಮಾಡಿದವಳು ಕುಷ್ಟಗಿಯ ಅಕ್ಕ ಕಳಕಮ್ಮ.

"ಹುಡುಗಿ ದೊಡ್ಡಾಕಿ ಆಗ್ಯಾಳವಾ. ಶುಕ್ರವಾರ ಆರತಿ ಇಟ್ಟೀವಿ. ಚಿಗವ್ವ ನೀನ ಬರಲಿಲ್ಲಂದ್ರ ಓಣ್ಯಾಗಿನ ಮಂದಿ ಏನಂದಾರು? ಬಂದು ಹೋಗು."

ಫಕೀರಮ್ಮ ಹೂಂ ಎಂದಳು. ಫೋನು ಇಟ್ಟ ಮೇಲೆ ಬಹಳ ಹೊತ್ತು ಮಷೀನಿನ ಗಾಲಿ ತಿರುಗಲಿಲ್ಲ.

ಲಲಿತಾ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮೂರನೆಯ ಮಗಳು. ಕಳಕಮ್ಮನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡನ ಮನೆಯಲ್ಲಿ ಇನ್ನೊಂದು ಹೆಣ್ಣು ತರುವ ಮಾತು ಎದ್ದಿತ್ತು. ಹೇಮಗುಡ್ಡದ ಬದಿಯ ತವರೂರಿನಲ್ಲಿ ಫಕೀರಮ್ಮ ಬಾಣಂತಿಯಾಗಿ ಮಲಗಿದ್ದಾಗ ಅಕ್ಕ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಫಕೀರಮ್ಮನ ಗಂಡ ಅಮರಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ಕೊಡು ಅನ್ನಲಿಲ್ಲ, ಕೊಡಬೇಡ ಅನ್ನಲೂ ಇಲ್ಲ. ಒಡಹುಟ್ಟಿದವಳ ಮನೆ, ಬಸ್ಸು ಹತ್ತಿದರೆ ಮುಗಿಯಿತು, ಬೇಕೆನಿಸಿದಾಗ ನೋಡಿ ಬರಬಹುದು ಎಂದು ಫಕೀರಮ್ಮ ಒಪ್ಪಿದಳು. ಎರಡೂವರೆ ತಿಂಗಳ ಕೂಸನ್ನು ಎತ್ತಿಕೊಳ್ಳುವ ಮೊದಲು ಅಕ್ಕ ಅವಳಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೆಂದು ಒಂದು ಹಸಿರು ಖಣ. ಹುಡುಗಿಗೆ ಎಂದೂ ತಿಳಿಸಬಾರದು ಎಂದು ಆಣೆ ಮಾಡಿಸಿಕೊಂಡಳು. ಗುಟ್ಟು ಯಾರಿಗೂ ತಿಳಿಯದಿರಲೆಂದು ಅದೇ ವರ್ಷ ಅಕ್ಕ-ಭಾವ ಯಲಬುರ್ಗಾ ಬಿಟ್ಟು ಕುಷ್ಟಗಿಯಲ್ಲಿ ಮನೆ ಮಾಡಿದರು. ಫಕೀರಮ್ಮನ ಹಿರಿಯ ಹೆಣ್ಣುಮಕ್ಕಳಿಬ್ಬರೂ ಆಗ ಸಣ್ಣವರು. ತಂಗಿ ತೀರಿಕೊಂಡಳೆಂದೇ ಅವರು ಇಂದಿಗೂ ನಂಬಿದ್ದಾರೆ.

ಹನ್ನೆರಡು ವರ್ಷದಲ್ಲಿ ಅವಳು ಕುಷ್ಟಗಿಗೆ ಹೋದದ್ದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಹೋದಾಗಲೆಲ್ಲ ಲಲಿತಾಳ ಲಂಗಕ್ಕೆ ಅಳತೆ ತೆಗೆದುಕೊಳ್ಳುವಳು. ಟೇಪು ಹಿಡಿದು ಹುಡುಗಿಯ ಸುತ್ತ ತೋಳು ಬಳಸುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಮ್ಮೊಮ್ಮೆ ಒಂದೇ ಅಳತೆಯನ್ನು ಎರಡು ಸಲ ತೆಗೆಯುತ್ತಿದ್ದಳು.

ಈಗ ಹುಡುಗಿ ಶಾಲೆಗೆ ಪ್ಯಾಡು ಒಯ್ಯಬೇಕಾಗುತ್ತದೆ. ಅಂಗೈಗಿಂತ ತುಸು ದೊಡ್ಡದು, ಮೇಲೆ ಚೈನು ಇರುವ ಒಂದು ಚೀಲ ಇದ್ದರೆ ಪುಸ್ತಕದ ನಡುವೆ ಯಾರಿಗೂ ಕಾಣದು. ತನಗೆ ಹಾಗಾದಾಗ ಹಳೆಯ ಸೀರೆಯ ತುಂಡನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡು ದಿನವಿಡೀ ಬೆವರಿದ್ದು ಫಕೀರಮ್ಮನಿಗೆ ನೆನಪಿತ್ತು. ಅವಳು ಟ್ರಂಕಿನ ತಳದಿಂದ ಆ ಹಸಿರು ಖಣ ತೆಗೆದಳು. ಅದನ್ನು ಹೊಲಿದು ತೊಡಲು ಅವಳಿಗೆ ಎಂದೂ ಮನಸ್ಸು ಬಂದಿರಲಿಲ್ಲ.

ಅಮರಪ್ಪ ನೋಡಿದ. "ಆ ಖಣ ಬ್ಯಾಡ. ಬ್ಯಾರೆ ಅರಬಿ ತಗೋ."

"ಇದು ಆಕಿದ ಐತಿ" ಎಂದಳು ಫಕೀರಮ್ಮ.

ಖಣ ಮಡಿಕೆಯ ಗುಂಟ ಸವೆದಿತ್ತು. ಸವೆದಲ್ಲಿ ಬಿಟ್ಟು ಎರಡು ತುಂಡು ಕತ್ತರಿಸಿದಳು. ಒಳಗೆ ಬಿಳಿ ಅರಿವೆಯ ಅಸ್ತರು, ನಡುವೆ ಕೆಂಪು ಚೈನು. ಖಣ, ಚೈನು, ಅಸ್ತರು ಮೂರನ್ನೂ ಅಂಚಿಗೆ ಅಂಚು ಹಿಡಿದು ಚೈನಿನ ಹಲ್ಲಿನ ಪಕ್ಕದಲ್ಲೇ ಹೊಲಿಗೆ ಓಡಿಸಿದಳು. ಇನ್ನೊಂದು ಮಗ್ಗುಲಿಗೂ ಹಾಗೆಯೇ. ಸುತ್ತ ಹೊಲಿಯುವ ಮುಂಚೆ ಚೈನನ್ನು ಅರ್ಧ ತೆರೆದಿಡಬೇಕು, ಇಲ್ಲದಿದ್ದರೆ ಚೀಲವನ್ನು ತಿರುವಲು ದಾರಿಯಿರುವುದಿಲ್ಲ. ಇದು ನಿನ್ನೆ ಮೊನ್ನೆ ಕಲಿತವರಿಗೂ ಗೊತ್ತು. ಇಪ್ಪತ್ತು ವರ್ಷ ಮಷೀನು ತುಳಿದ ಫಕೀರಮ್ಮ ಚೈನು ಮುಚ್ಚಿಯೇ ಸುತ್ತಲೂ ಹೊಲಿದುಬಿಟ್ಟಿದ್ದಳು. ಒಂದು ಬದಿಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಎಳೆಯಾಗಿ ಬಿಚ್ಚಿ, ಚೈನು ತೆರೆದು, ಮತ್ತೆ ಹೊಲಿದು ತಿರುವಿದಳು. ಮೂಲೆಗಳನ್ನು ಕತ್ತರಿಯ ತುದಿಯಿಂದ ಹೊರಗೆ ತಳ್ಳಿದಳು. ಚೀಲ ಚೊಕ್ಕಾಗಿ ಬಂದಿತ್ತು.

ಶುಕ್ರವಾರ ಕನಕಗಿರಿ, ತಾವರಗೇರಾ ದಾಟಿ ಬಸ್ಸು ಕುಷ್ಟಗಿ ಮುಟ್ಟುವವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಲಲಿತಾಳನ್ನು ಹೊಸ ಸೀರೆ ಉಡಿಸಿ ಕೂರಿಸಿದ್ದರು. ಓಣಿಯ ಹೆಂಗಸರೊಂದಿಗೆ ಫಕೀರಮ್ಮನೂ ಆರತಿ ಎತ್ತಿದಳು. ಆಮೇಲೆ ಚೀಲವನ್ನು ಹುಡುಗಿಯ ಕೈಗಿಟ್ಟು, ಯಾತಕ್ಕೆಂದು ಕಿವಿಯಲ್ಲಿ ಹೇಳಿದಳು. ಲಲಿತಾ ನಾಚಿಕೊಂಡು ನಕ್ಕಳು. ಚೈನನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಭಾಳ ಛಲೋ ಐತಿ ಚಿಗವ್ವ. ಯವ್ವಾ, ಇಲ್ನೋಡು!"

ಕಳಕಮ್ಮ ನೋಡಿದಳು. ಅವಳ ಮುಖದ ನಗು ಅಲ್ಲೇ ಆರಿತು. ಹೆಂಗಸರೆಲ್ಲ ಎದ್ದುಹೋದ ಮೇಲೆ ತಂಗಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅದು ನಾ ಉಡಿ ತುಂಬಿದ್ದ ಖಣ ಅಲ್ಲೇನು?"

"ಹೂಂ."

"ಹನ್ನೆರಡು ವರ್ಷ ಹಂಗ ಇಟ್ಟಿದ್ದೀ?"

"ತೊಡಾಕ ಮನಸ್ಸಾಗಲಿಲ್ಲಕ್ಕ."

"ಹಂಗಂದ್ರ ಕೂಸನ್ನ ನೀ ಕೊಟ್ಟೇ ಇಲ್ಲ ಬಿಡು." ಕಳಕಮ್ಮ ದನಿ ತಗ್ಗಿಸಿದಳು. "ಕೊಟ್ಟೀನಿ ಅಂತ ಬಾಯಿಲೆ ಅಂದಿ, ಅಷ್ಟ. ಆಕಿ ಮಾರಿ ದಿನದಿಂದ ದಿನಕ್ಕ ನಿನ್ನಂಗ ಆಗಾಕತ್ತೈತಿ. ಆಕಿಗೆ ಈಗ ತಿಳಿವಳಿಕಿ ಬಂದೈತಿ. ನಿಮ್ಮಿಬ್ಬರನ್ನ ಬಾಜೂಕ ಬಾಜೂಕ ನೋಡಿದ್ರ ನನಗ ಜೀವ ಹೋದಂಗ ಆಗತೈತಿ. ನಿನಗ ಇನ್ನಿಬ್ಬರು ಅದಾರ. ನನಗ ಯಾರದಾರ ಹೇಳು?"

ಫಕೀರಮ್ಮ ಮುಚ್ಚಿದ ಬಾಗಿಲಿನತ್ತ ನೋಡಿದಳು.

"ಇನ್ನ ಬರಬ್ಯಾಡವಾ. ಆಕಿ ಲಗ್ನ ಆಗೂತನಕ ಬರಬ್ಯಾಡ. ಕಾಲು ಬೀಳತೀನಿ."

ಹಿರಿಯವಳು ನಿಜವಾಗಿಯೂ ಬಾಗಿದಳು. ಫಕೀರಮ್ಮ ಅವಳ ಭುಜ ಹಿಡಿದು ಎತ್ತಿದಳು. "ಚೀಲಾ ಕಸಗೋಬ್ಯಾಡಕ್ಕ" ಎಂದಷ್ಟೇ ಕೇಳಿಕೊಂಡಳು. ಕಳಕಮ್ಮ ಆಗಲಿ ಎಂದು ತಲೆಯಾಡಿಸಿದಳು. ಸಂಜೆಯ ಬಸ್ಸಿಗೆ ಹೊರಟಾಗ ಹುಡುಗಿ ಗೆಳತಿಯರೊಡನೆ ಒಳಗಿದ್ದಳು. ಹೇಳಿ ಹೋಗಲು ಫಕೀರಮ್ಮ ಒಳಗೆ ಹೋಗಲಿಲ್ಲ.

ಐದು ತಿಂಗಳು ಕಳೆದವು. ಹಬ್ಬಕ್ಕೆ ಕರೆ ಬರಲಿಲ್ಲ. ಒಂದು ಮಧ್ಯಾಹ್ನ ಅಕ್ಕನ ನಂಬರಿನಿಂದ ಫೋನು ಬಂತು. ಮಾತಾಡಿದವಳು ಲಲಿತಾ.

"ಚಿಗವ್ವ, ಅವ್ವ ನೀರಿಗೆ ಹೋಗ್ಯಾಳ, ಅದಕ್ಕ ಹಚ್ಚೀನಿ. ಯಾಕ ಬರವಲ್ಲಿ ನೀ? ನನ್ನ ಲಂಗ ಎಲ್ಲಾ ಗಿಡ್ಡ ಆಗ್ಯಾವು. ಅವ್ವ ಅಂತಾಳ, ಆರತಿ ದಿನ ನಿನಗ ಮರ್ಯಾದಿ ಕಡಿಮಿ ಆತಂತ, ನಮ್ಮ ಮ್ಯಾಲ ಸಿಟ್ಟಾಗೀದಿ ಅಂತ. ಖರೇನು?"

ಇಲ್ಲ ಎಂದರೆ ಹುಡುಗಿ ಮತ್ತೆ ಯಾಕೆಂದು ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಒಂದೇ ಇತ್ತು.

"ಹೌದವಾ" ಎಂದಳು ಫಕೀರಮ್ಮ. "ಸಿಟ್ಟು ಬಂದಿತ್ತು."



"ನಾ ಏನ ಮಾಡಿದ್ನಿ ಚಿಗವ್ವ?"

"ನೀ ಏನೂ ಮಾಡಿಲ್ಲ. ದೊಡ್ಡವರ ಮಾತು. ಇಡು, ನಿಮ್ಮವ್ವ ಬರತಾಳ."

"ಹಂಗಾರ ಇರ್ಲಿ ಬಿಡು" ಎಂದಿತು ಹುಡುಗಿಯ ದನಿ. ಅದರಲ್ಲಿ ಮುನಿಸಿತ್ತು. ಫೋನು ಕಟ್ಟಾಯಿತು.

ಲಲಿತಾ ಮತ್ತೆ ಫೋನು ಮಾಡಲಿಲ್ಲ. ದೀಪಾವಳಿಗೆ ಅಮರಪ್ಪ ಒಬ್ಬನೇ ಕುಷ್ಟಗಿಗೆ ಹೋಗಿ ಬಂದ. ಹುಡುಗಿ ಹೇಗಿದ್ದಾಳೆಂದು ಫಕೀರಮ್ಮ ಕೇಳಿದಳು. ಎತ್ತರವಾಗಿದ್ದಾಳೆ ಎಂದ. ನನ್ನ ಕೇಳಿದಳೇನು ಎಂದದ್ದಕ್ಕೆ ಅವನು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದ.