ಸಂದು ಮುಚ್ಚು ಅಂದವಳು ನಾನೇ

ನಾನು ಓದಿದ್ದು ಎರಡನೆಯ ಇಯತ್ತೆ. ಅಷ್ಟರ ಬಲದ ಮೇಲೆ ಕಂಪ್ಯೂಟರಿನಲ್ಲಿ ಮೂಗು ತೂರಿಸಿದೆ.

ಚಿಕ್ಕೋಡಿಯಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ರಜೆಗೆ ಐನಾಪುರಕ್ಕೆ ಬಂದಿದ್ದಳು. ಕಂಪ್ಯೂಟರನ್ನೇ ನಡೆಸುವ ಮೂಲ ಪ್ರೋಗ್ರಾಮ್ ಒಂದಿದೆಯಂತೆ, ಅದನ್ನು ಎಲ್ಲೆಲ್ಲಿಯವರೋ ಸೇರಿ ಬರೆಯುತ್ತಾರಂತೆ. ಅದರಲ್ಲಿ ಅಡ್ಡಾದಿಡ್ಡಿ ಕೂತ ಸಾಲುಗಳನ್ನು ಒಂದು ಟೂಲ್‌ನಿಂದ ಸರಿಮಾಡಿ ಕಳಿಸಬೇಕು. ಆ ಪ್ರೋಗ್ರಾಮ್ ನೋಡಿಕೊಳ್ಳುವ ಹಿರಿಯರು ಒಪ್ಪಿದರೆ ಇವಳ ಹೆಸರು ಅದರಲ್ಲಿ ಸೇರುತ್ತದೆ. ಮೊದಲ ಸಲ ಕಳಿಸುವುದು. ಊಟದ ಮೇಲೂ ಲಕ್ಷ್ಯವಿರಲಿಲ್ಲ.

ಟೂಲ್ ಓಡಿಸಿದಳು. ಸಾಲುಗಳೆಲ್ಲ ಪಟಪಟನೆ ನೆಟ್ಟಗೆ ನಿಂತವು. ಒಂದು ಕಡೆ ಮಾತ್ರ ಅಂಕಿಗಳು ದೂರ ದೂರ ಉಳಿದವು, ನನ್ನ ಹಲ್ಲಿನ ಹಾಗೆ.

"ಇದನ್ಯಾಕ ಬಿಟ್ಟೈತಿ ನಿನ್ನ ಮಷೀನು?" ಎಂದೆ.

"ಇಲ್ಲಿ ಟೂಲ್ ಮುಟ್ಟಬಾರದು ಅಂತ ಯಾರೋ ಮೊದಲ ಬರದಿಟ್ಟಾರ, ಆಯಿ."

"ಬರದಾಂವ ಮೈಗಳ್ಳ ಇರಬೇಕ. ಅಂಗಳ ಎಲ್ಲಾ ಕಸಾ ಹೊಡದು ಮೂಲ್ಯಾಗಿಂದು ಬಿಡತಾರೇನ? ಸಂದು ಮುಚ್ಚು."

ಅವಳಿಗೂ ಚಂದ ಕಾಣಲಿ ಎಂಬ ಆಸೆ. ಆ ಎಚ್ಚರಿಕೆಯ ಸಾಲನ್ನು ಅಳಿಸಿ ಮತ್ತೆ ಓಡಿಸಿದಳು. ಅಂಕಿಗಳು ಒತ್ತೊತ್ತಾಗಿ ಕೂತವು. ಕಳಿಸಿಬಿಟ್ಟಳು. ಅರ್ಧ ಕೆಲಸ ನನ್ನದೇ ಎಂಬಂತೆ ನಾನು ಸೊಸೆಗೆ ಚಹಾ ಮಾಡಲು ಹೇಳಿದೆ.

ಉತ್ತರ ಬಂದಾಗ ನಾನು ದ್ರಾಕ್ಷಿ ತೋಟದಲ್ಲಿದ್ದೆ. ಗೊಂಚಲಿನಲ್ಲಿ ಕಾಯಿ ಒತ್ತಾಗಿದ್ದರೆ ದಪ್ಪಗಾಗುವುದಿಲ್ಲ, ಒಳಗೇ ಕೊಳೆಯುತ್ತವೆ. ಅದಕ್ಕೇ ಕತ್ತರಿಯಿಂದ ನಡುನಡುವಿನ ಕಾಯಿ ತೆಗೆಯುತ್ತ, ಸಂದು ಬಿಡಿರೆಂದು ಕೆಲಸದ ಹೆಂಗಸರನ್ನು ಬೈಯುತ್ತಿದ್ದೆ. ಮೊಮ್ಮಗಳು ಸಣ್ಣ ಮುಖ ಮಾಡಿಕೊಂಡು ಬಂದಳು. ಒಪ್ಪಲಿಲ್ಲವಂತೆ. ತಪ್ಪು ಅಂಕಿ ಬಿದ್ದರೆ ಥಟ್ಟನೆ ಕಾಣಲೆಂದೇ ಆ ಅಂಕಿಗಳನ್ನು ಒಂದರ ಕೆಳಗೊಂದು ಹೊಂದಿಸಿ, ಕೈಯಾರೆ ಸಂದು ಬಿಟ್ಟಿದ್ದರಂತೆ. ಟೂಲ್ ಮಾಡಿದ್ದನ್ನು ಕಳಿಸುವ ಮೊದಲು ನಿನ್ನ ಕಣ್ಣಿಂದ ಓದು ಎಂದು ಬರೆದಿದ್ದರು.

ನಾನು ಕೇಳಿಸದವರ ಹಾಗೆ ಕತ್ತರಿ ಆಡಿಸಿದೆ. ಅವಳು ನನ್ನ ಕೈ ನೋಡಿದಳು, ಗೊಂಚಲು ನೋಡಿದಳು.

"ಆಯಿ, ನೀ ಇಲ್ಲೇ ಏನ ಮಾಡಾಕತ್ತಿ ಬೇ?"

ಹೆಂಗಸರು ಏನೆಂದು ಕೇಳಿದರು, ಅವಳು ಎಲ್ಲ ಹೇಳಿದಳು. ಬಳ್ಳಿಯ ಸಾಲಿನ ಆ ತುದಿಯವರೆಗೂ ನಗು. ಬೇರೆ ದಾರಿ ಕಾಣದೆ ನಾನೂ ನಕ್ಕೆ.

ಅಂಕಿಗಳನ್ನು ಮೊದಲಿನಂತೆಯೇ ಇಟ್ಟು, ಉಳಿದ ಸಾಲುಗಳನ್ನು ಒಂದೊಂದಾಗಿ ಓದಿ ಮತ್ತೆ ಕಳಿಸಿದಳು. ಈ ಸಲ ಒಪ್ಪಿದರು. ಹೆಸರು ಸೇರಿದ್ದನ್ನು ತೋರಿಸಿದಳು. ಇಂಗ್ಲಿಷು, ನನಗೆ ಓದಲಾಗಲಿಲ್ಲ. ಆ ಅಂಕಿಗಳನ್ನೂ ತೋರಿಸಿದಳು. ನನ್ನ ಕಣ್ಣಿಗೆ ಅವು ಈಗಲೂ ಬೊಚ್ಚುಬಾಯಿಯೇ. ಹೇಳಬೇಕೆಂದು ಬಾಯಿವರೆಗೆ ಬಂದಿತ್ತು, ಚಹಾದ ಜೊತೆ ನುಂಗಿಕೊಂಡೆ.